ಆರೂವರೆಗೆ ಏಳುವ ಪರದೆ

ಹನ್ನೊಂದನೆಯ ವಯಸ್ಸಿನಿಂದ ನಾನು ಒಂದೇ ಒಂದು ಸಂಖ್ಯೆಗೆ ಹೆದರಿಕೊಂಡು ಬಂದವಳು. ಅದು ಮೂವತ್ತೊಂಬತ್ತು. ನಮ್ಮವ್ವ ಮೂವತ್ತೊಂಬತ್ತಕ್ಕೆ ಹೋದಳು. ಅವಳ ಅವ್ವ ಮೂವತ್ತೆಂಟಕ್ಕೆ. ದೊಡ್ಡವ್ವ ಮೂವತ್ತೊಂಬತ್ತು ತುಂಬಿ ನಾಲ್ಕು ತಿಂಗಳಿಗೆ. ಮೂವರಿಗೂ ಹೇಳಿಕೊಳ್ಳುವಂಥ ಜಡ್ಡು ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಕೈಹಚ್ಚಿದವರು ಅಲ್ಲೇ ಬಿದ್ದರು. ಅವ್ವನ ಹದಿಮೂರನೆಯ ದಿನ ಧಾರವಾಡದ ಮನೆಯ ಪಡಸಾಲೆಯಲ್ಲಿ ಜನ ಕೂತಿದ್ದಾಗ ನಮ್ಮ ಸೋದರತ್ತೆ, "ಆ ಮನೀ ಹೆಣ್ಣಮಕ್ಕಳ ಹಣ್ಯಾಗ ನಲವತ್ತು ಬರದಿಲ್ಲ ಬಿಡ್ರಿ," ಎಂದು ಹೇಳಿ ಚಹಾದ ಕಪ್ಪು ಎತ್ತಿಕೊಂಡಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅತ್ತೆ ತಾನು ಮಾತ್ರ ಎಂಬತ್ತು ದಾಟಿ ಬದುಕಿದಳು. ಇದನ್ನು ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವೆ ಒಂದು ಜೂನ್ ತಿಂಗಳ ಸಂಜೆ, ಸ್ಯಾನ್ ಮಟಿಯೋದ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಗಂಡ ಕೇಕು ತಂದಿಟ್ಟರು. ಒಂಬತ್ತು ವರ್ಷದ ಮಗಳು ಮೂವತ್ತೊಂಬತ್ತು ಮೇಣದಬತ್ತಿಗಳನ್ನು ಎಣಿಸಿ ಚುಚ್ಚಿದಳು. ಊದಲು ನನಗೆ ಒಂದೇ ಉಸಿರು ಸಾಲಲಿಲ್ಲ. ಅದನ್ನೂ ಒಂದು ಲಕ್ಷಣ ಎಂದೇ ತಿಳಿದೆ.

ಡಾಕ್ಟರ ಹತ್ತಿರ ಹೋಗಿ ಬಂದದ್ದಾಗಿತ್ತು. ಎದೆಗೆ ತಂತಿ ಅಂಟಿಸಿ, ರಕ್ತ ತೆಗೆದು, ಏನೂ ತೊಂದರೆ ಇಲ್ಲ ಎಂದು ಕಳಿಸಿದ್ದರು. ಆ ರಾತ್ರಿ ಊಟದ ಮೇಜಿನ ಎದುರು ಗಂಡನೊಡನೆ ಜಗಳವೇ ಆಯಿತು.

"ರಿಪೋರ್ಟು ನಾರ್ಮಲ್ ಅಂತ ಬಂದಿದೆಯಲ್ಲ. ಇನ್ನೇನ್ ಬೇಕು ನಿಂಗೆ?" ಎಂದರು. ಅವರು ಬೆಂಗಳೂರಿನವರು, ಇಂಜಿನಿಯರು, ಕಾಗದದ ಮೇಲೆ ಬರೆದದ್ದನ್ನು ನಂಬುವವರು.

"ನಮ್ಮವ್ವಗೂ ಎಲ್ಲಾ ನಾರ್ಮಲ್ ಇತ್ತು. ಮುಂಜಾನೆ ಎದ್ದಳು, ಬಿದ್ದಳು. ನನಗೂ ಹಂಗ ಆಗತೈತಿ. ನೀವು ಆಫೀಸಿಗೆ ಹೋಗಿರ್ತೀರಿ, ಇಕಿ ಒಬ್ಬಾಕಿನ ಇರ್ತಾಳ," ಎಂದು ಮಗಳ ಕಡೆ ಕೈ ಮಾಡಿ ಹೇಳಿದೆ.

ಮಗಳು ಅಲ್ಲೇ ಕೂತು ಮೊಸರನ್ನ ತಿನ್ನುತ್ತಿದ್ದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ ಎಂದು ನಾವಿಬ್ಬರೂ ಗಟ್ಟಿಯಾಗಿ ನಂಬಿದ್ದೆವು. ಆ ನಂಬಿಕೆಯ ಮೇಲೆ ಅವಳ ಎದುರಿಗೇ ಏನೇನೆಲ್ಲ ಮಾತಾಡಿದ್ದೇವೋ, ನೆನೆದರೆ ಈಗಲೂ ಮೈ ಬೆವರುತ್ತದೆ.

ಬೇಸಿಗೆ ರಜೆ ಶುರುವಾಯಿತು. ನಾನು ಮಗಳಿಗೆ ಪಾಠ ಹಿಡಿದೆ. ಜಡೆ ತಾನೇ ಹಾಕಿಕೊಳ್ಳುವುದು, ಅನ್ನಕ್ಕೆ ನೀರಿಡುವುದು, ಬೇಳೆ ಸಾರು, ವಾಷಿಂಗ್ ಮೆಷಿನ್ನು. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಬಾರದು ಎಂಬುದನ್ನೂ ಹೇಳಿಕೊಟ್ಟೆ. ಯಾಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜಡೆ ಸೊಟ್ಟಗಾದರೆ ಬೈಯುತ್ತಿದ್ದೆ. ಬೈದು ಬಚ್ಚಲಮನೆಗೆ ಹೋಗಿ ಅಳುತ್ತಿದ್ದೆ. ಹೊರಗೆ ಬಂದಾಗ, ಈರುಳ್ಳಿ ಹೆಚ್ಚಿದೆ, ಅದಕ್ಕೇ ಕಣ್ಣು ಕೆಂಪಾಗಿದೆ ಎನ್ನುತ್ತಿದ್ದೆ. ಆ ರಜೆಯಲ್ಲೇ ಅವಳು ಮನೆಯ ಎರಡನೆಯ ಕೀಲಿಕೈ ಕಳೆದಳು. ಇಡೀ ದಿನ ಹುಡುಕಿಸಿದೆ. "ಒಂದು ಕೀಲಿ ಇಟ್ಟುಕೊಳ್ಳಾಕ ಬರಂಗಿಲ್ಲ, ನಾಳೆ ಏನ್ ಮಾಡ್ತಿ ನೀನು?" ಎಂದು ಕೂಗಾಡಿದೆ. ಅವಳು ಕಾಲ ಬೆರಳು ನೋಡುತ್ತ ಸುಮ್ಮನೆ ನಿಂತಿದ್ದಳು.

ಪಕ್ಕದ ಮನೆಯ ಅಜ್ಜಿ ನಮ್ಮ ಬಾಗಿಲು ತಟ್ಟಿದ್ದು ಅದಾಗಿ ಒಂದು ವಾರಕ್ಕೆ. ಅವಳು ಜಪಾನಿನವಳು, ಎಂಬತ್ತಾರು ವರ್ಷ. ಹದಿನೆಂಟರಲ್ಲಿ, ಗಂಡನ ಫೋಟೋ ಒಂದನ್ನು ಬಿಟ್ಟು ಬೇರೇನೂ ನೋಡದೆ ಹಡಗು ಹತ್ತಿ ಬಂದವಳು. ಗಂಡನ ಜೊತೆ ಸೇವಂತಿಗೆ ಬೆಳೆದು ಮಾರಿದ್ದಳು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮಗ ಸ್ಯಾಕ್ರಮೆಂಟೊದಲ್ಲಿದ್ದ. ಅವಳ ಅಡುಗೆಮನೆ ಕಿಟಕಿಯೂ ನಮ್ಮದೂ ಎದುರುಬದುರು, ನಡುವೆ ಹತ್ತು ಹೆಜ್ಜೆ ಜಾಗ. ಮಗಳು ನಮ್ಮಿಂದ ಕಲಿತು ಅವಳನ್ನು ಅಜ್ಜಿ ಎನ್ನುತ್ತಿದ್ದಳು. ಅದೇ ಅವಳ ಹೆಸರಾಗಿ ನಿಂತಿತು. ನನ್ನನ್ನು ಅವಳು ಓಕುಸಾನ್ ಎನ್ನುತ್ತಿದ್ದಳು. ಮದುವೆಯಾದ ಹೆಂಗಸನ್ನು ಅವರಲ್ಲಿ ಹಾಗೆ ಕರೆಯುತ್ತಾರಂತೆ.

ಆ ದಿನ ಅವಳ ಕೈಯಲ್ಲಿ ಒಂದು ಕೀಲಿಕೈ ಇತ್ತು. ಅವಳ ಇಂಗ್ಲಿಷು ಮುಕ್ಕಾಲು ಸನ್ನೆ, ಕಾಲು ಮಾತು.

"ಓಕುಸಾನ್, ನಾನು ಮುದುಕಿ. ಒಬ್ಬಳೇ. ದಿನಾ ಬೆಳಿಗ್ಗೆ ಆರೂವರೆಗೆ ಕಿಟಕಿಯ ಸುರುಳಿ ಪರದೆಯನ್ನು ಮೇಲಕ್ಕೆ ಎಳೆಯುತ್ತೇನೆ. ನೀನು ನೋಡು. ಏಳಾದರೂ ಪರದೆ ಏಳದಿದ್ದರೆ ಈ ಕೀಲಿಯಿಂದ ಒಳಗೆ ಬಾ."

ಸತ್ತವರನ್ನು ಮೊದಲು ನೋಡುವ ಕೆಲಸ ನನಗೇ ಯಾಕೆ ಬರಬೇಕು ಎಂದು ಒಳಗೊಳಗೇ ಶಪಿಸಿದೆ. ಆದರೆ ಎಂಬತ್ತಾರು ವರ್ಷದವಳಿಗೆ ಆಗುವುದಿಲ್ಲ ಎಂದು ಹೇಗೆ ಹೇಳುವುದು? "ಆಗಲಿ ನೋಡಿಕೋತೀನಿ," ಎಂದು ಕೀಲಿ ತೆಗೆದುಕೊಂಡೆ.

ಅಂದಿನಿಂದ ನನ್ನ ಬೆಳಗು ಕೆಟ್ಟಿತು. ಅಲ್ಲಿಯವರೆಗೆ ನಾನು ಎಂಟರ ತನಕ ಪರದೆ ಎತ್ತುತ್ತಿರಲಿಲ್ಲ. ಕೆಲವು ದಿನ ಎತ್ತುತ್ತಲೇ ಇರಲಿಲ್ಲ, ಕತ್ತಲೆಯಲ್ಲೇ ಕೂತಿರುತ್ತಿದ್ದೆ. ಈಗ ಆರು ಇಪ್ಪತ್ತೈದಕ್ಕೆ ಎದ್ದು, ನಮ್ಮ ಪರದೆ ಎತ್ತಿ, ಸಿಂಕಿನ ಅಂಚು ಹಿಡಿದು ನಿಲ್ಲುತ್ತಿದ್ದೆ. ಎದುರಿನ ಪರದೆ ಏಳುವವರೆಗೂ ಎದೆ ಡವಡವ. ಎದ್ದ ಮೇಲೆ ಅವಳ ಬಿಳಿ ತಲೆ ಕಾಣುತ್ತಿತ್ತು. ಅವಳು ನನ್ನ ಕಡೆ ಒಂದು ಸಲ ತಲೆ ಬಾಗಿಸಿ ಒಲೆಯ ಕಡೆ ತಿರುಗುತ್ತಿದ್ದಳು.

ಹಾಗೆ ದಿನಾ ನೋಡಿ ನೋಡಿ ನನ್ನೊಳಗೆ ಒಂದು ದುರಾಸೆ ಹುಟ್ಟಿತು. ನಮ್ಮ ಮನೆಯ ಹೆಂಗಸರು ನಲವತ್ತು ಕಾಣದಿದ್ದರೆ, ಇವಳು ಎಂಬತ್ತಾರನ್ನು ಹೇಗೆ ಕಂಡಳು? ಏನು ತಿನ್ನುತ್ತಾಳೆ, ಏನು ಮಾಡುತ್ತಾಳೆ? ಒಂದು ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆಯತೊಡಗಿದೆ. ಮೊದಲ ಸಾಲು: ಆರೂವರೆಗೆ ಮುಂಚೆ ಏಳುವುದು, ಒಂದು ದಿನವೂ ತಪ್ಪದು. ಅದರ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ, ಹಿತ್ತಲಲ್ಲಿ ನಿಂತು ತನ್ನ ಭಾಷೆಯಲ್ಲಿ ಎಂಟರವರೆಗೆ ಎಣಿಸುತ್ತ ಕೈಕಾಲು ಬೀಸುವುದು. ಮನೆಯ ಮುಂದೆ ಕಸ ಗುಡಿಸುವಾಗ ನಮ್ಮ ಗಡಿಯೊಳಗೂ ಒಂದು ಪೊರಕೆಯಷ್ಟು ಗುಡಿಸುವುದು. ನೆಲದ ಮೇಲೆ ಕೂತು ಕೈ ಊರದೆ ಏಳುವುದು. ಚಿಕ್ಕ ಬಟ್ಟಲಲ್ಲಿ ಉಣ್ಣುವುದು, ಹೊಟ್ಟೆಯಲ್ಲಿ ಇನ್ನೆರಡು ತುತ್ತಿಗೆ ಜಾಗ ಇದ್ದಾಗಲೇ ಎದ್ದುಬಿಡುವುದು. ಶುಕ್ರವಾರ ಶುಕ್ರವಾರ ಅವಳು ಮೂಲೆಯ ಅಂಗಡಿಯಿಂದ ಎರಡು ಸಕ್ಕರೆ ಡೋನಟ್ಟು ತಂದು ಮೆಟ್ಟಿಲ ಮೇಲೆ ಕೂತು ಬೆರಳು ನೆಕ್ಕುತ್ತ ತಿನ್ನುವುದನ್ನೂ ಕಂಡಿದ್ದೆ. ಅದನ್ನು ಬರೆಯಲಿಲ್ಲ. ನನ್ನ ಲೆಕ್ಕಕ್ಕೆ ಅದು ಹೊಂದುತ್ತಿರಲಿಲ್ಲ.

ಎಲ್ಲವನ್ನೂ ಮಾಡಿದೆ. ಬಾಗಿಲು ಹಾಕಿಕೊಂಡು ಒಂದು ಎರಡು ಎಂದು ಕೈ ಬೀಸಿದೆ. ತುತ್ತು ಬಾಕಿ ಬಿಟ್ಟು ಎದ್ದೆ, ಗಂಡನನ್ನೂ ಎಬ್ಬಿಸಿದೆ.

"ಊಟಕ್ಕೂ ಬಜೆಟ್ಟಾ?" ಎಂದು ಅವರು ನಗುತ್ತ ಕೇಳಿದರು. ನನಗೆ ನಗು ಬರಲಿಲ್ಲ. ಅವಳಂತೆ ಹಗುರಾಗುವ ಬದಲು ನಾನು ಹಸಿದು ಸಿಡಿಮಿಡಿಗುಟ್ಟುತ್ತಿದ್ದೆ, ಹಸಿವಿನಲ್ಲಿ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ನವೆಂಬರಿನಲ್ಲಿ ಅಜ್ಜಿ ನನ್ನನ್ನೂ ಮಗಳನ್ನೂ ಕರೆದಳು. ಅವಳ ಹಿತ್ತಲಿನ ಪರ್ಸಿಮನ್ ಮರ ಎಲೆ ಉದುರಿಸಿ, ಮೈತುಂಬ ಕಿತ್ತಳೆ ಬಣ್ಣದ ಹಣ್ಣು ಹೊತ್ತು ನಿಂತಿತ್ತು. ಗಟ್ಟಿ ಇದ್ದಾಗ ಕಚ್ಚಿದರೆ ನಾಲಿಗೆ ಮರಗಟ್ಟುವಷ್ಟು ಒಗರು. ಸಿಪ್ಪೆ ಹೆರೆದು, ತೊಟ್ಟಿಗೆ ದಾರ ಕಟ್ಟಿ, ಹಿಂದಿನ ಪೋರ್ಚಿನಲ್ಲಿ ಬಿದಿರಿನ ಕೋಲಿಗೆ ನೇತುಹಾಕಿದೆವು. ಒಟ್ಟು ಅರವತ್ತು ಹಣ್ಣು. ಒಂದು ವಾರ ಗಾಳಿಗೆ ಬಿಟ್ಟು, ಆಮೇಲೆ ಪ್ರತಿಯೊಂದನ್ನೂ ಬೆರಳಿನಿಂದ ಮೆಲ್ಲಗೆ ಅಮುಕಿ ಉಜ್ಜಬೇಕು. ಬಿರುಸಾದರೆ ಒಡೆಯುತ್ತದೆ, ಬಿಟ್ಟರೆ ಕಲ್ಲಾಗುತ್ತದೆ. ಆರು ವಾರದ ಕೆಲಸ.

"ಆರು ವಾರ ಆದ ಮೇಲೆ?" ಎಂದೆ.

"ಹೊಸ ವರ್ಷ. ಆಗ ತಿನ್ನೋಣ," ಎಂದಳು.

ಆರು ವಾರ ಎಂದಾಗ ನಾನು ಮನಸ್ಸಿನಲ್ಲೇ ಎಣಿಸಿದ್ದೆ. ದೊಡ್ಡವ್ವನ ನಾಲ್ಕು ತಿಂಗಳು ಅಕ್ಟೋಬರಿನಲ್ಲೇ ಮುಗಿದಿತ್ತು. ಅವ್ವನಿಗೆ ಏಳು ತಿಂಗಳು. ನನಗೆ ಅದು ಜನವರಿಗೆ ಬರುತ್ತಿತ್ತು.

ನವೆಂಬರ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎದುರಿನ ಪರದೆ ಏಳಲಿಲ್ಲ.

ಆರೂವರೆ ಆಯಿತು, ಏಳಾಯಿತು. ಗಂಡ ಫ್ರೀವೇಯ ಟ್ರಾಫಿಕ್ಕಿಗೆ ಹೆದರಿ ಆರಕ್ಕೇ ಹೊರಟುಹೋಗಿದ್ದರು. ಕೀಲಿ ಹಿಡಿದು ಅಜ್ಜಿಯ ಮನೆಯ ಮೆಟ್ಟಿಲು ಹತ್ತಿದೆ, ಮತ್ತೆ ಅಲ್ಲೇ ನಿಂತೆ. ಕೈ ಮುಂದೆ ಹೋಗಲಿಲ್ಲ. ಹನ್ನೊಂದು ವರ್ಷದವಳಾಗಿ ಧಾರವಾಡದ ಅಡುಗೆಮನೆಯ ಬಾಗಿಲಲ್ಲೂ ಹೀಗೇ ನಿಂತಿದ್ದೆ. ಒಲೆಯ ಮುಂದೆ ಅವ್ವನ ಕಾಲು ಕಾಣುತ್ತಿತ್ತು, ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿತ್ತು. ಒಳಗೆ ಹೋಗದೆ ನಿಂತೇ ಇದ್ದೆ, ವಾಸನೆಗೆ ಪಕ್ಕದ ಮನೆಯವರು ಬರುವ ತನಕ. ಆಗಲೇ ಕೂಗಿದ್ದರೆ ಅವ್ವ ಉಳಿಯುತ್ತಿದ್ದಳೇನೋ ಎಂಬುದನ್ನು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ಎಷ್ಟು ಹೊತ್ತಾಯಿತೋ. ಯಾರೋ ನನ್ನ ಕೈಯಿಂದ ಕೀಲಿ ತೆಗೆದುಕೊಂಡರು. ನೋಡಿದರೆ ಮಗಳು, ಶಾಲೆಯ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. ಏಳೂಮುಕ್ಕಾಲಾಗಿತ್ತು.

"ಐ ವಿಲ್ ಕಮ್ ವಿತ್ ಯು, ಅಮ್ಮಾ," ಎಂದಳು. ಅವಳ ಮುಖವೂ ಬಿಳಿಚಿಕೊಂಡಿತ್ತು. ಕೀಲಿ ತಿರುಗಿಸಿದ್ದು ಅವಳೇ.

ಅಜ್ಜಿ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಕಿಟಕಿಯ ಕೆಳಗೇ. ಕಣ್ಣು ತೆರೆದಿತ್ತು. ನನ್ನನ್ನು ನೋಡಿದವಳೇ ಮೊದಲು ಕೇಳಿದ್ದು, "ನಿನ್ನ ಪರದೆ ಎತ್ತಿದ್ದೀಯಾ?" ಎಂದು. ತಲೆಗೆ ಪೆಟ್ಟಾಗಿ ಬಡಬಡಿಸುತ್ತಿದ್ದಾಳೆ ಎಂದುಕೊಂಡೆ. ಎತ್ತಿದ್ದೇನೆ ಎಂದೆ. ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಮೇಲೆ ಕಣ್ಣು ತೆರೆದು ಗೋಡೆಯ ಗಡಿಯಾರ ನೋಡಿ, "ಇಷ್ಟು ಹೊತ್ತಿಗಾ ಬರುವುದು?" ಎಂದು ಗದರಿದಳು. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ.

ಎಡಗೈಯ ಮಣಿಕಟ್ಟು ಮುರಿದಿತ್ತು, ಸೊಂಟಕ್ಕೆ ಏಟಾಗಿತ್ತು. ಮೂರು ವಾರ ಆಸ್ಪತ್ರೆ. ನೋಡಲು ಹೋದಾಗ ತಡ ಮಾಡಿದ್ದಕ್ಕೆ ಕ್ಷಮೆ ಕೇಳೋಣ ಎಂದು ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

"ಹಣ್ಣು ಮುಟ್ಟು, ಓಕುಸಾನ್. ದಿನಾ ಮುಟ್ಟು. ಬಿಡಬೇಡ," ಎಂದಳು ಅಷ್ಟೇ.

ದಿನಾ ಮುಟ್ಟಿದೆ. ಒಂದೊಂದನ್ನೇ ಬೆರಳ ನಡುವೆ ಹಿಡಿದು ಉಜ್ಜುತ್ತ, ಇವು ಕೆಡದಿದ್ದರೆ ಅಜ್ಜಿ ಬದುಕುತ್ತಾಳೆ, ಅಜ್ಜಿ ಬದುಕಿದರೆ ನಾನೂ ಜನವರಿ ದಾಟುತ್ತೇನೆ ಎಂದು ನನಗೆ ನಾನೇ ಒಂದು ಹರಕೆ ಕಟ್ಟಿಕೊಂಡೆ. ಮನೆಯಲ್ಲಿ ಮಗಳದೂ ಒಂದು ಹೊಸ ಚಾಳಿ ಶುರುವಾಗಿತ್ತು. ಅಲಾರಂ ಇಲ್ಲದೆ ಆರೂವರೆಗೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಓಡಾಡುವುದನ್ನು ನೋಡುವಳು, ಏನು ಎಂದರೆ ಏನಿಲ್ಲ ಎನ್ನುವಳು. ಅಜ್ಜಿ ಯಾವಾಗ ಬರುತ್ತಾಳೆ ಎಂದು ದಿನಕ್ಕೆ ನಾಲ್ಕು ಸಲ ಕೇಳುವಳು. ಅಜ್ಜಿಯ ಮೇಲೆ ಎಷ್ಟು ಪ್ರೀತಿ ಎಂದು ಗಂಡನಿಗೆ ಹೇಳಿಕೊಂಡೆ.

ಐದನೆಯ ವಾರ ಹಣ್ಣಿನ ಮೇಲೆ ಬಿಳಿ ಕಂಡಿತು. ಮೊದಲು ಒಂದೆರಡರ ಮೇಲೆ, ಎರಡು ದಿನಕ್ಕೆ ಎಲ್ಲದರ ಮೇಲೂ. ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಬೂಷ್ಟು ಹಿಡಿದಿದೆ. ಮುದುಕಿ ಆಸ್ಪತ್ರೆಯಿಂದ ಬಂದು ಬೂಷ್ಟು ತಿಂದು ನನ್ನ ಕೈಯಿಂದಲೇ ಸಾಯುತ್ತಾಳೆ. ಆಸ್ಪತ್ರೆಗೆ ಫೋನು ಮಾಡಿ ಕೇಳಬಹುದಿತ್ತು. ಕೆಡಿಸಿದೆ ಎಂದು ಹೇಳಲು ಹೆದರಿದೆ. ಬೋಗುಣಿಯಲ್ಲಿ ಬಿಸಿನೀರಿಗೆ ಉಪ್ಪು ಹಾಕಿ, ಅರವತ್ತು ಹಣ್ಣನ್ನೂ ತೊಳೆದು, ಒರೆಸಿ, ನಮ್ಮ ಅಡುಗೆಮನೆಯೊಳಗೆ ಕಟ್ಟಿದೆ. ಒದ್ದೆ ಚಮಚದ ಪಾಠ ಹೇಳಿದ ಮಹಾತಾಯಿ ನಾನೇ. ನಾಲ್ಕನೆಯ ದಿನ ನಿಜವಾದ ಬೂಷ್ಟು ಬಂತು, ಹಸಿರು ಕಪ್ಪು, ಕೂದಲು ಕೂದಲಾಗಿ. ಒಂದೂ ಉಳಿಯಲಿಲ್ಲ.

ಅಜ್ಜಿ ಮನೆಗೆ ಬಂದ ಮಧ್ಯಾಹ್ನ ಕೊಳೆತ ಹಣ್ಣೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಹೋದೆ. ತಪ್ಪೊಪ್ಪಿಗೆಗೆ ಸಾಕ್ಷಿ ಬೇಕಲ್ಲ. ಅವಳು ಕೈಯನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ಮೇಜಿನ ಮುಂದೆ ಕೂತಿದ್ದಳು. ಬಿಳಿ ಬಂದದ್ದು, ತೊಳೆದದ್ದು, ಎಲ್ಲ ಹೇಳಿದೆ.

ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. "ಅದು ಸಕ್ಕರೆ," ಎಂದಳು. "ಒಳಗಿನ ಸಕ್ಕರೆ ಹೊರಗೆ ಬರುತ್ತದೆ. ಅದಕ್ಕಾಗಿಯೇ ಆರು ವಾರ ಉಜ್ಜುವುದು. ನೀನು ತೊಳೆದೆ."

ನನಗೆ ಅಳು ಬಂತು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. "ಎಂಬತ್ತಾರು ವರ್ಷ ನನಗೆ. ಈಗ ನಿನ್ನಿಂದಾಗಿ ಇನ್ನೊಂದು ವರ್ಷ ಬದುಕಬೇಕು, ಒಂದು ಹಣ್ಣು ತಿನ್ನಲು," ಎಂದಳು.

"ಬದುಕ್ತೀರಿ. ನೀವು ದಿನಾ ಅಷ್ಟು ಬೇಗ ಏಳ್ತೀರಿ, ಎಲ್ಲ ನೇಮದಿಂದ ಮಾಡ್ತೀರಿ. ನಾನು ಎಲ್ಲ ಬರೆದಿಟ್ಟುಕೊಂಡಿದ್ದೇನೆ," ಎಂದು ಬಡಬಡಿಸಿದೆ. ನೋಟ್‌ಬುಕ್ಕಿನ ವಿಷಯ ಬಾಯಿಂದ ಜಾರಿತು. ಎರಡು ಗೆರೆ ಎಳೆದ ಮೊದಲ ಸಾಲನ್ನೂ ಹೇಳಿದೆ.

ಅಜ್ಜಿ ನನ್ನ ಮುಖ ನೋಡಿದಳು. "ಬೇಗ ಏಳುವುದಾ? ಆಗಸ್ಟಿನ ತನಕ ನಾನು ಎಂಟರವರೆಗೆ ಮಲಗುತ್ತಿದ್ದೆ. ಯಾರಿಗಾಗಿ ಏಳಬೇಕಿತ್ತು?"

ಅವಳು ಒಂದೇ ಕೈಯಿಂದ ಚಹಾಪುಡಿಯ ಹಳೆಯ ಡಬ್ಬಿ ಎಳೆದುಕೊಂಡು, ಮುಚ್ಚಳ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ಹಳದಿ ರಿಬ್ಬನ್ನು ಕಟ್ಟಿದ ಒಂದು ಕೀಲಿಕೈ ಬಿತ್ತು. ರಿಬ್ಬನ್ನು ಮಗಳ ಜಡೆಯದು. ಕೀಲಿ ನಮ್ಮ ಮನೆಯದು.

"ನಿನ್ನ ಮಗಳು ತಂದುಕೊಟ್ಟಳು," ಎಂದಳು. "ನನ್ನಮ್ಮ ಒಂದು ದಿನ ಬೆಳಿಗ್ಗೆ ಏಳುವುದಿಲ್ಲ, ಅಪ್ಪ ಆಫೀಸಿನಲ್ಲಿರುತ್ತಾರೆ, ಒಬ್ಬಳೇ ಒಳಗೆ ಹೋಗಿ ನೋಡಲು ಹೆದರಿಕೆ, ನೀನು ಬರುತ್ತೀಯಾ ಅಂತ ಕೇಳಿದಳು. ಬರುತ್ತೇನೆ ಅಂದೆ. ಆದರೆ ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಅದಕ್ಕೆ ನನ್ನ ಪರದೆಯ ಕಥೆ ಕಟ್ಟಿ ನಿನಗೆ ಕೀಲಿ ಕೊಟ್ಟೆ. ಮುದುಕಿ ಇದ್ದಾಳೋ ಇಲ್ಲವೋ ನೋಡಬೇಕಾದರೆ ನೀನು ನಿನ್ನ ಪರದೆ ಎತ್ತಲೇಬೇಕಲ್ಲ. ಬಿದ್ದ ದಿನ ನೆಲದಿಂದ ನಿನ್ನ ಕಿಟಕಿ ಕಾಣಲಿಲ್ಲ. ಅದೊಂದೇ ಚಿಂತೆ ಆಗಿತ್ತು."

ನಾನು ಆ ಕೀಲಿಯನ್ನು ಕೈಗೆತ್ತಿಕೊಂಡೆ. ಇದಕ್ಕಾಗಿ ಅವಳನ್ನು ಇಡೀ ದಿನ ಬೈದಿದ್ದೆ, ಅವಳು ಬಾಯಿ ಬಿಟ್ಟಿರಲಿಲ್ಲ. ಒಬ್ಬಳೇ ಒಳಗೆ ಹೋಗಲು ಹೆದರಿಕೆ ಎಂಬ ಮಾತು ನನ್ನದು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ನನ್ನ ಮಗಳು ಒಂಬತ್ತಕ್ಕೇ ಹೊತ್ತುಕೊಂಡು ಹತ್ತು ಹೆಜ್ಜೆ ಆಚೆಗೆ ಹೋಗಿ ಇನ್ನೊಬ್ಬರಿಗೆ ಹೇಳಿ ಬಂದಿದ್ದಳು. ಸೋದರತ್ತೆಯನ್ನು ಅಷ್ಟು ವರ್ಷ ದ್ವೇಷಿಸಿದ್ದೆ. ನಾನು ಮಾಡಿದ್ದೂ ಅದನ್ನೇ, ಮೊಸರನ್ನದ ತಟ್ಟೆಯ ಎದುರು.

ಕೀಲಿಯನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. "ಇದು ನಿಮ್ಮ ಹತ್ತಿರಾನೇ ಇರಲಿ," ಎಂದೆ. ಅಜ್ಜಿ ತಲೆ ಬಾಗಿಸಿದಳು. ಕೊಳೆತ ಹಣ್ಣಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, ಇದನ್ನು ತೆಗೆದುಕೊಂಡು ಹೋಗು ಎಂದಳು.

ಆ ಸಂಜೆ ಮಗಳು ಹೋಮ್‌ವರ್ಕು ಮಾಡುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ. ಏನು ಹೇಳಬೇಕೆಂದು ತಿಳಿಯದೆ, "ಅಜ್ಜಿ ಮನೀಗೆ ಹೋಗಿದ್ದೆ. ಕೀಲಿ ನೋಡಿದೆ," ಎಂದೆ.

ಅವಳ ಪೆನ್ಸಿಲು ನಿಂತಿತು. ತಲೆ ಎತ್ತಲಿಲ್ಲ. "ವಾಪಸ್ ಇಸ್ಕೊಂಡ್ಯಾ?" ಎಂದಳು. ಕನ್ನಡದಲ್ಲಿ ಕೇಳಿದಳು.

"ಇಲ್ಲ. ಅಲ್ಲೇ ಐತಿ."

ಅವಳು ಉಸಿರು ಬಿಟ್ಟು ಮತ್ತೆ ಬರೆಯತೊಡಗಿದಳು. ಅವ್ವನ ಬಗ್ಗೆ, ಸೀದ ರೊಟ್ಟಿಯ ಬಗ್ಗೆ ನಾನು ಅಂದೇ ಅವಳಿಗೆ ಹೇಳಿದೆ. ಅವಳು ಬರೆಯುತ್ತಲೇ ಎಲ್ಲ ಕೇಳಿಸಿಕೊಂಡಳು.

ಹೆದರಿಕೆ ಅಂದೇ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜನವರಿ ಪೂರ್ತಿ ಎದೆಯ ಮೇಲೆ ಕೈ ಇಟ್ಟುಕೊಂಡೇ ಓಡಾಡಿದೆ. ಆದರೆ ಮರುದಿನ ಬೆಳಿಗ್ಗೆ ಆರೂವರೆಗೆ ನಾನು ಪರದೆ ಎತ್ತಿದಾಗ ಎದುರಿನದು ಆಗಲೇ ಎದ್ದಿತ್ತು. ಅಜ್ಜಿ ಕೈಗೆ ಪಟ್ಟಿ ಕಟ್ಟಿಕೊಂಡೇ ನಿಂತು ನಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ನನ್ನನ್ನು ಕಂಡು ತಲೆ ಬಾಗಿಸಿದಳು, ನಾನೂ ಬಾಗಿಸಿದೆ. ಹಿಂದೆ ಬಾಗಿಲಲ್ಲಿ ಮಗಳು ಬರಿಗಾಲಲ್ಲಿ ಬಂದು ನಿಂತಿದ್ದಳು. ಎರಡು ಕಿಟಕಿಯನ್ನೂ ನೋಡಿದಳು, ಆಕಳಿಸಿದಳು, ಹೋಗಿ ಮತ್ತೆ ಮಲಗಿಕೊಂಡಳು.